ಪುಟ್ಟನ ಊಟ ಮತ್ತು ಅತ್ತೆ ಕಳುಹಿಸಿದ ಸಂದೇಶ

ಗುಂಪು: ನಮ್ಮ ಮನೆಯವರು
ಶುಕ್ರವಾರ, ರಾತ್ರಿ

ಸೋದರತ್ತೆ (ಮುಂದಕ್ಕೆ ಕಳುಹಿಸಿದ ಸಂದೇಶ): ತರಕಾರಿ ತಿನ್ನದ ಬಾಲಕ ಶಾಶ್ವತವಾಗಿ ಕುರುಡ! ಚಿಪ್ಸ್ ಮತ್ತು ಬ್ರೆಡ್ ಮಾತ್ರ ತಿನ್ನುತ್ತಿದ್ದ ಮಗುವಿನ ಕಣ್ಣಿನ ನರಗಳು ಒಂದೇ ತಿಂಗಳಲ್ಲಿ ಒಣಗಿಹೋದವು. ತಾಯಂದಿರೇ, ಬಲವಂತ ಮಾಡಿಯಾದರೂ ಮಕ್ಕಳಿಗೆ ತರಕಾರಿ ತಿನ್ನಿಸಿ. ಎಲ್ಲ ಗುಂಪುಗಳಿಗೂ ಕಳುಹಿಸಿ.

ಸೋದರತ್ತೆ: ಚಿಕ್ಕ ಮಕ್ಕಳಿರುವವರು ಇದನ್ನು ಓದಲೇಬೇಕು.

ದೊಡ್ಡಪ್ಪ: ನಾನು ಹೇಳುತ್ತಲೇ ಬಂದಿದ್ದೇನೆ. ನಮ್ಮ ಕಾಲದಲ್ಲಿ ಬಡಿಸಿದ್ದನ್ನು ಬಿಟ್ಟೇಳುವ ಪ್ರಶ್ನೆಯೇ ಇರಲಿಲ್ಲ. ಎಲೆಯಲ್ಲಿ ಬಿಟ್ಟರೆ ಅಪ್ಪ ರಾತ್ರಿಯ ಊಟಕ್ಕೂ ಅದನ್ನೇ ಬಡಿಸುತ್ತಿದ್ದರು. ಈಗ ಮಗು ಮುಖ ತಿರುಗಿಸಿದೊಡನೆ ಬಿಸ್ಕತ್ತು ಕೈಗೆ ಬರುತ್ತದೆ. ಗೃಹಪ್ರವೇಶದ ದಿನ ನಾನೇ ಕಣ್ಣಾರೆ ನೋಡಿದೆ.

ಅತ್ತಿಗೆ: ದೊಡ್ಡ ಮಾವ, ಆ ದಿನ ನಡೆದದ್ದನ್ನು ಪೂರ್ತಿ ಹೇಳಿದರೆ ಒಳ್ಳೆಯದು. ಎಲೆಯ ಮುಂದೆ ಕುಳಿತ ಪುಟ್ಟನ ಸುತ್ತ ಐದಾರು ಮಂದಿ ನಿಂತು ‘ಒಂದು ತುತ್ತು, ಒಂದೇ ತುತ್ತು’ ಎನ್ನುತ್ತಿದ್ದರು. ಅತ್ತೆಯವರು ಅವನ ಎರಡೂ ಕೆನ್ನೆಗಳನ್ನು ಒತ್ತಿ ಹಿಡಿದು, ಹಾಗಲಕಾಯಿ ಗೊಜ್ಜು ಕಲಸಿದ ಅನ್ನವನ್ನು ಬಾಯಿಗೆ ತುರುಕಿದರು. ಅವನು ಅಲ್ಲೇ ವಾಂತಿ ಮಾಡಿಕೊಂಡ. ಅಲ್ಲಿಯವರೆಗೆ ಇಷ್ಟಪಟ್ಟು ತಿನ್ನುತ್ತಿದ್ದ ಸೌತೆಕಾಯಿ ಕೋಸಂಬರಿಯನ್ನೂ ಅಂದಿನಿಂದ ಮುಟ್ಟುತ್ತಿಲ್ಲ. ಇಂದಿನ ಸಂದೇಶ ಯಾರಿಗೆಂದು ನನಗೆ ಅರ್ಥವಾಗಿದೆ.

ಸೋದರತ್ತೆ: ನಾನು ಯಾರ ಹೆಸರನ್ನೂ ಎತ್ತಿಲ್ಲ. ಮಗುವಿನ ಮೇಲಿನ ಪ್ರೀತಿಯಿಂದ ಹಾಕಿದೆ.

ನಾನು: ಅತ್ತೆ, ಈ ಸುದ್ದಿಗೆ ಮೂಲವೇನು? ಊರಿಲ್ಲ, ವರ್ಷವಿಲ್ಲ, ಹೇಳಿದ ವೈದ್ಯರು ಯಾರೆಂದಿಲ್ಲ.

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಮೂಲ ಬೇಕು. ಹಿರಿಯರ ಅನುಭವ ಸಾಲದೇ? ಅಜ್ಜಿಯ ಕಷಾಯದ ವಿಷಯದಲ್ಲೂ ನೀನು ಹೀಗೆಯೇ ವಾದಿಸಿದ್ದೆ.

ನಾನು: ಕಷಾಯದ ವಿಷಯ ಬೇರೆ, ದೊಡ್ಡಪ್ಪ. ಇದನ್ನು ಹುಡುಕಿ ಓದಿದ್ದೇನೆ. ಘಟನೆ ನಿಜ, ಹೇಳಿರುವ ರೀತಿ ತಪ್ಪು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹುಡುಗನೊಬ್ಬನ ಕುರಿತು 2019ರ ಸೆಪ್ಟೆಂಬರಿನಲ್ಲಿ ‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂದಿತ್ತು. ಪ್ರಾಥಮಿಕ ಶಾಲೆಯ ದಿನಗಳಿಂದಲೂ ಅವನ ಆಹಾರ ಕರಿದ ಆಲೂಗಡ್ಡೆ, ಚಿಪ್ಸ್, ಬಿಳಿ ಬ್ರೆಡ್ ಮತ್ತು ಸಂಸ್ಕರಿಸಿದ ಮಾಂಸಕ್ಕೆ ಸೀಮಿತವಾಗಿತ್ತು. 14ನೆಯ ವಯಸ್ಸಿನಲ್ಲಿ ಸುಸ್ತೆಂದು ಹೋದಾಗ ರಕ್ತಹೀನತೆ ಮತ್ತು ಬಿ12 ಜೀವಸತ್ವದ ಕೊರತೆ ಕಂಡು, ಚುಚ್ಚುಮದ್ದು ಕೊಟ್ಟು ಆಹಾರದ ಸಲಹೆ ನೀಡಿದರು. ಮರುವರ್ಷ ಕಿವಿ, ಕಣ್ಣು ಎರಡೂ ಮಂದವಾಗತೊಡಗಿದವು. ಆಹಾರವೇ ಕಾರಣವೆಂದು ತಿಳಿಯುವ ಹೊತ್ತಿಗೆ ಅವನಿಗೆ 17 ವರ್ಷವಾಗಿತ್ತು, ಹೋದ ದೃಷ್ಟಿ ಮರಳಲಿಲ್ಲ. ಇದು ಒಂದು ತಿಂಗಳ ಮಾತಲ್ಲ, ಹಲವು ವರ್ಷಗಳ ಮಾತು. ಅವನ ಎತ್ತರ, ತೂಕ ಎರಡೂ ಸರಿಯಾಗಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲವೆಂಬುದು ನನಗೆ ಅತಿ ಮುಖ್ಯವಾಗಿ ಕಂಡ ಸಂಗತಿ. ಮತ್ತೆ, ಅವನದು ಹಟವಾಗಿರಲಿಲ್ಲ. ಕೆಲವು ಬಗೆಯ ತಿನಿಸು ನಾಲಿಗೆಗೆ ತಾಗುವುದನ್ನೇ ಸಹಿಸಲಾಗದ ತೊಂದರೆ ಅದು. ಬಲವಂತ ಮಾಡಿ ತಿನ್ನಿಸಬೇಕೆಂಬ ಸಾಲನ್ನು ಯಾರೋ ತಾವಾಗಿ ಸೇರಿಸಿದ್ದಾರೆ.

ಭಾವ: ಇಷ್ಟು ಉದ್ದ ಬರೆದರೆ ಯಾರು ಓದುತ್ತಾರೆ? ನನಗಂತೂ ಅಜ್ಜಿ ಮನೆಯ ಬೇಸಗೆ ರಜೆ ನೆನಪಾಯಿತು. ಹಿತ್ತಲ ಕಟ್ಟೆಯ ಮೇಲೆ ಮಕ್ಕಳೆಲ್ಲ ಸುತ್ತ ಕುಳಿತರೆ, ಅಜ್ಜಿ ದೊಡ್ಡ ಬೋಗುಣಿಯಲ್ಲಿ ಅನ್ನ, ಸೊಪ್ಪಿನ ಹುಳಿ, ತುಪ್ಪ ಕಲಸಿ ಸರದಿಯಂತೆ ಕೈತುತ್ತು ಹಾಕುತ್ತಿದ್ದರು. ಯಾವ ಸೊಪ್ಪೆಂದು ಒಬ್ಬರೂ ಕೇಳಲಿಲ್ಲ; ಪಕ್ಕದವನ ಅಂಗೈಗೆ ದೊಡ್ಡ ತುತ್ತು ಹೋಯಿತೆಂಬುದೇ ನಮ್ಮ ಜಗಳ.

ದೊಡ್ಡಪ್ಪ: ಶಿಸ್ತೆಂದರೆ ಅದು. ಬೇಡ ಎನ್ನುವ ಮಾತೇ ಇರಲಿಲ್ಲ.

ಸೋದರತ್ತೆ: ಅಣ್ಣ, ನೀವು ಇಂದಿಗೂ ಬದನೆಕಾಯಿ ಮುಟ್ಟುವುದಿಲ್ಲ. ಬದನೆಕಾಯಿ ಹುಳಿ ಮಾಡಿದ ದಿನ ಅಮ್ಮ ನಿಮಗೆಂದೇ ಬೇರೆ ಸಾರು ಮಾಡುತ್ತಿದ್ದಳು. ರಾತ್ರಿಗೂ ಅದನ್ನೇ ಬಡಿಸುತ್ತಿದ್ದುದು ನಮಗೆ, ಹೆಣ್ಣುಮಕ್ಕಳಿಗೆ.

ದೊಡ್ಡಪ್ಪ: ಐವತ್ತು ವರ್ಷದ ಹಿಂದಿನದನ್ನು ಈಗ ಏಕೆ ತೆಗೆಯುತ್ತೀ?

ನಾನು: ತೆಗೆದದ್ದು ಒಳ್ಳೆಯದಾಯಿತು. ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಅವಳಿ ಜೋಡಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸ ತಿನಿಸನ್ನು ದೂರವಿಡುವ ಸ್ವಭಾವ ಮಗುವಿನಿಂದ ಮಗುವಿಗೆ ಬೇರೆಯಾಗಿರುವುದಕ್ಕೆ ಶೇ. 78ರಷ್ಟು ಕಾರಣ ವಂಶವಾಹಿಗಳೆಂದು ಕಂಡುಬಂದಿದೆ. ಹಾಗಿರುವಾಗ ಅತ್ತಿಗೆಯ ಮೇಲೆ ತಪ್ಪು ಹೊರಿಸುವುದನ್ನು ದಯವಿಟ್ಟು ನಿಲ್ಲಿಸೋಣ.

ಚಿಕ್ಕಮ್ಮ: ಅಂಗನವಾಡಿಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಬಡಿಸಿದವಳು ನಾನು; ನನ್ನ ಮಾತನ್ನೂ ಕೇಳಿ. ಹುಟ್ಟುವಾಗ 3 ಕೆ.ಜಿ. ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕೆ.ಜಿ. ಆಗುತ್ತದೆ, ಆದರೆ ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ, ಮನೆಯವರು ಅದನ್ನು ಹಟವೆಂದು ತಿಳಿಯುತ್ತಾರೆ. ಎರಡರಿಂದ ಆರರ ವಯಸ್ಸಿನಲ್ಲಿ ಹೊಸ ತಿನಿಸಿಗೆ ಹೆದರುವುದೂ ಸಹಜ. ಒಂದೇ ಪಲ್ಯವನ್ನು ಎಂಟು ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲ, ಒಂದು ಚಮಚದಷ್ಟೇ ಬಡಿಸಿ ಸುಮ್ಮನಿರಬೇಕು. ಮೂರು ಸಲಕ್ಕೇ ‘ಇವನಿಗೆ ಸೇರುವುದಿಲ್ಲ’ ಎಂದು ಬಿಟ್ಟರೆ ಅಲ್ಲಿಗೆ ಮುಗಿಯಿತು. ಅಜ್ಜಿ ಮನೆಯ ಆ ಕೈತುತ್ತಿನಲ್ಲಿ ಕೆಲಸ ಮಾಡಿದ್ದು ಶಿಸ್ತಲ್ಲ, ಜೊತೆಯ ಮಕ್ಕಳು. ಮನೆಯಲ್ಲಿ ಬೇಳೆ ಮುಟ್ಟದವರು ನಮ್ಮಲ್ಲಿ ಸಾಲಿನಲ್ಲಿ ಕುಳಿತು ಕಿಚಡಿ ತಿನ್ನುತ್ತಿದ್ದರು. ಅದಿರಲಿ, ಪುಟ್ಟ ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾನೆ?

ಅತ್ತಿಗೆ: ನಾಲ್ಕು ದೊಡ್ಡ ಲೋಟ ಆಗುತ್ತದೆ ಚಿಕ್ಕತ್ತೆ. ಊಟ ಬಿಟ್ಟಾಗಲೆಲ್ಲ ಹಾಲಾದರೂ ಹೋಗಲಿ ಎಂದು ಕೊಡುತ್ತೇನೆ. ಉಳಿದಂತೆ ಮೊಸರನ್ನ, ಬಿಸ್ಕತ್ತು.

ಚಿಕ್ಕಮ್ಮ: ಹಾಗಾದರೆ ಅವನಿಗೆ ಹಸಿವಾಗುವುದು ಯಾವಾಗ? ಹಾಲಿನಲ್ಲಿ ಸುಣ್ಣದ ಅಂಶ ಧಾರಾಳವಾಗಿದೆ, ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಅರ್ಧ ಲೀಟರು ಮೀರಿದರೆ ಹೊಟ್ಟೆ ಅದರಿಂದಲೇ ತುಂಬಿ ಬೇಳೆ, ಸೊಪ್ಪಿಗೆ ಜಾಗವಿರುವುದಿಲ್ಲ. ರಕ್ತಹೀನತೆ, ಮಲಬದ್ಧತೆ ಎರಡೂ ಬರುತ್ತವೆ, ಮಲಬದ್ಧತೆಯಿಂದ ಹಸಿವು ಇನ್ನೂ ಇಂಗುತ್ತದೆ.

ದೊಡ್ಡಪ್ಪ: ಹಾಲನ್ನೂ ದೂರುವ ಕಾಲ ಬಂತೇ?

ಚಿಕ್ಕಮ್ಮ: ಹಾಲು ಬೇಡವೆಂದಿಲ್ಲ ಭಾವ, ಎರಡು ಸಣ್ಣ ಲೋಟ ಸಾಕು ಎಂದೆ. ಕ್ಷೀರಭಾಗ್ಯದಲ್ಲಿ ಶಾಲೆಯ ಮಗುವಿಗೆ ಕೊಡುವುದೂ 150 ಮಿ.ಲೀ. ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಬ್ರಿಸ್ಟಲ್ಲಿನ ಹುಡುಗನಿಗಿಂತ ನನಗೆ ಇದರ ಚಿಂತೆ ಹೆಚ್ಚು. ಪುಟ್ಟನ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಬಿಳಿಚಿಕೊಂಡಿದೆಯೇ? ತೂಕ ಸರಿಯಿದ್ದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳು ತಿಂಗಳಿಗೂ ಕಿರಿದಾಗುತ್ತಿದ್ದರೆ, ಅನ್ನ ಕಂಡರೆ ಓಕರಿಸುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಅತ್ತಿಗೆ: ಸೋಮವಾರವೇ ಕರೆದುಕೊಂಡು ಹೋಗುತ್ತೇನೆ. ಇಷ್ಟು ದಿನ ಎಲ್ಲರೂ ಏನು ತಿನ್ನಿಸಬೇಕೆಂದು ಹೇಳಿದರೇ ಹೊರತು, ಅವನು ಏನು ತಿನ್ನುತ್ತಾನೆಂದು ಕೇಳಿದವರು ನೀವೊಬ್ಬರೇ.

ಸೋದರತ್ತೆ: ಭಾನುವಾರ ಬರುತ್ತೇನೆ, ಅವನ ತಟ್ಟೆಯ ಸುದ್ದಿಗೆ ಹೋಗುವುದಿಲ್ಲ. ಆದರೆ ಗೃಹಪ್ರವೇಶದ ಮಾತನ್ನು ಎಲ್ಲರ ಮುಂದೆ ಎತ್ತಿದ್ದು ನನಗೆ ನೋವಾಗಿದೆ. ನನಗೇ ಫೋನು ಮಾಡಬಹುದಿತ್ತು.

ಅತ್ತಿಗೆ: ಸಂದೇಶವನ್ನೂ ನನಗೊಬ್ಬಳಿಗೇ ಕಳುಹಿಸಬಹುದಿತ್ತಲ್ಲವೇ, ಅತ್ತೆ?

ನಾನು: ಅತ್ತೆ, ಇದನ್ನು ಬೇರೆ ಯಾವ ಗುಂಪುಗಳಿಗೆ ಕಳುಹಿಸಿದ್ದೀರಿ?

ಸೋದರತ್ತೆ: ಭಜನಾ ಮಂಡಳಿಗೆ, ಮಹಿಳಾ ಸಮಾಜಕ್ಕೆ. ಬಲವಂತದ ಸಾಲು ತಪ್ಪೆಂದು ಎರಡು ಕಡೆಯೂ ಬರೆಯುತ್ತೇನೆ. ನೀನು ಓದಿದ್ದನ್ನು ಚಿಕ್ಕದಾಗಿ ಬರೆದು ಕಳುಹಿಸು.