ಬಾನೆಟ್ ಮೇಲೆ ಹಾಕಿದ ಪುಟ್ಟಿ ಹಪ್ಪಳದ ಥರ ಎದ್ದು ಬರ್ತಿದೆ, ಎಲ್ಲಿ ತಪ್ಪಾಯ್ತು?

ಪ್ರಶ್ನೆ (ಹಾವೇರಿ ಕಡೆಯಿಂದ):
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ಕಾಲದ ಎಚ್‌ಎಂಟಿ 2511 ಟ್ರ್ಯಾಕ್ಟರ್ ಇದೆ, ಅದೇ ಜೆಟರ್ ಕಂಪನಿ ಜೊತೆ ಸೇರಿ ಮಾಡ್ತಿದ್ದ 25 ಎಚ್‌ಪಿದು. ಎಂಜಿನ್ ಕೆಲಸ ಎಲ್ಲಾ ಮುಗೀತು, ಪೇಂಟ್‌ನಲ್ಲಿ ಸಿಕ್ಕಾಕೊಂಡಿದೀನಿ. ಬಾನೆಟ್ಟು, ಮಡ್‌ಗಾರ್ಡ್ ಎರಡಕ್ಕೂ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಕನ್ನಡಿ ಥರ ಹೊಳೆಯೋವರೆಗೂ ಉಜ್ಜಿ, ಡೀಸೆಲ್ ಬಟ್ಟೆಲಿ ಒರೆಸಿ ಶೆಡ್‌ನಲ್ಲಿ ಇಟ್ಟೆ, ಅಷ್ಟರಲ್ಲಿ ಮಳೆ ಹಿಡ್ಕೊಂತು, ಹದಿನೈದು ದಿನ ಬಿಟ್ಟು ರೆಡ್ ಆಕ್ಸೈಡ್ ಪ್ರೈಮರ್ (ಪೇಂಟ್‌ಗೆ ಮುಂಚಿನ ಕೆಂಪು ಕೋಟು) ಹೊಡ್ದು ಅದರ ಮೇಲೆ ಪುಟ್ಟಿ ಎಳೆದೆ. ಈಗ ಉಗುರು ಹಾಕಿದ್ರೆ ಸಾಕು ಚಕ್ಕೆ ಚಕ್ಕೆ ಎದ್ದು ಬರುತ್ತೆ. ಇದನ್ನ ಮಾಡ್ತಿದ್ದ ಪಿಂಜೋರ್ ಫ್ಯಾಕ್ಟರಿ ಮುಚ್ಚೋದು 2016ರಲ್ಲೇ ತೀರ್ಮಾನ ಆಯ್ತು, ಹೊಸ ತಗಡು ಎಲ್ಲಿಂದ ತರ್ಲಿ, ಇದನ್ನೇ ಉಳಿಸ್ಕೋಬೇಕು.

ಉತ್ತರ (ದಾವಣಗೆರೆ, ಟಿಂಕರಿಂಗ್ ಕೆಲಸ ನಮ್ದು):
ಮೊದಲು ಆ ಚಕ್ಕೆ ತಿರುಗ್ಸಿ ನೋಡಿ. ಹಿಂದೆ ಪ್ರೈಮರ್ ಅಂಟ್ಕೊಂಡು ಬಂದಿದೆಯೋ ಇಲ್ಲವೋ?

ಪ್ರಶ್ನೆ ಕೇಳಿದವರು:
ನೋಡ್ದೆ ಸಾರ್. ಹಿಂದೆ ಪೂರ್ತಿ ಕೆಂಪಗಿದೆ, ತಗಡಿನ ಮೇಲೆ ಅರಿಶಿನ ಉದುರಿಸಿದ ಹಾಗೆ ತುಕ್ಕಿನ ಪುಡಿ.

ಉತ್ತರ:
ಹಂಗಾದ್ರೆ ಪುಟ್ಟಿ ಕೆಟ್ಟಿಲ್ಲ, ಪ್ರೈಮರ್ರೇ ತಗಡನ್ನ ಹಿಡ್ದಿಲ್ಲ. ವೈರ್ ಬ್ರಷ್‌ನಲ್ಲಿ ಉಜ್ಜಿದ್ರೆ ತಗಡು ನುಣ್ಣಗಾಗುತ್ತೆ, ಪ್ರೈಮರ್‌ಗೆ ಕಚ್ಕೊಳ್ಳೋಕೆ ಜಾಗ ಇರಲ್ಲ, ಅದರ ಮೇಲೆ ಡೀಸೆಲ್ ಒಂದು ಎಣ್ಣೆ ಪದರ ಬಿಡುತ್ತೆ, ಆಮೇಲೆ ಹದಿನೈದು ದಿನದ ಮಳೆಗಾಲದ ತೇವ ಬೇರೆ. ಒಂದು ಪಕ್ಷ ಇದೆಲ್ಲ ಸರಿ ಇದ್ರೂ ಮಾಮೂಲಿ ರೆಡ್ ಆಕ್ಸೈಡ್ ಮೇಲೆ ಹಾರ್ಡ್‌ನರ್ (ಗಟ್ಟಿ ಮಾಡೋ ಪೇಸ್ಟು) ಬೆರೆಸೋ ಪುಟ್ಟಿ ಹಾಕಬಾರದು, ಪುಟ್ಟಿಯೊಳಗಿನ ಸ್ಟೈರೀನು ಅನ್ನೋ ದ್ರಾವಕ ಕೆಳಗಿನ ಕೋಟನ್ನ ಮೆತ್ತಗೆ ಮಾಡಿ ಎಬ್ಬಿಸುತ್ತೆ. ಬೇಜಾರು ಮಾಡ್ಕೋಬೇಡಿ, ಎಲ್ಲಾ ಕೆರೆದು ಬರಿ ತಗಡಿಗೆ ವಾಪಸ್ ಬನ್ನಿ.

ಈ ಸಲ 80ರ ಸ್ಯಾಂಡ್ ಪೇಪರ್ ಹಿಡ್ಕೊಂಡು ಅಡ್ಡ ಉದ್ದ ಗೀಚಿ, ತಗಡು ಹೊಳೀಬಾರದು, ಮಂಕಾಗಿ ಬೂದಿ ಬಣ್ಣಕ್ಕೆ ಕಾಣ್ಬೇಕು. ಗುಂಡಿ ಗುಂಡಿಯಾಗಿರೋ ತುಕ್ಕಿನ ತಳ ಕಪ್ಪಗೆ ಉಳಿದಿದ್ರೆ ಅಲ್ಲಿಗೆ ಮಾತ್ರ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ರಿಮೂವರ್ ಹಚ್ಚಿ, ನೀರಲ್ಲಿ ಚೆನ್ನಾಗಿ ತೊಳೆದು ತಕ್ಷಣ ಒಣಗ್ಸಿ, ಆಸಿಡ್ ಉಳಿದ್ರೆ ಮುಂದೆ ಹೊಡೆಯೋ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗಲ್ಲ. ಆಮೇಲೆ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ (ಎಣ್ಣೆ ಜಿಡ್ಡು ತೆಗೆಯೋ ದ್ರಾವಣ), ಎರಡು ಬಟ್ಟೆ: ಒಂದ್ರಲ್ಲಿ ಹಚ್ಚೋದು, ಅದು ಆರೋ ಮುಂಚೆ ಇನ್ನೊಂದ್ರಲ್ಲಿ ಒರೆಸೋದು. ಒಂದೇ ಬಟ್ಟೆ ಆದ್ರೆ ಎಣ್ಣೆ ಊರೆಲ್ಲಾ ಸುತ್ತುತ್ತೆ ಅಷ್ಟೇ. ಅನುಮಾನ ಇದ್ರೆ ನೀರು ಚಿಮುಕ್ಸಿ ನೋಡಿ, ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ನಿಂತ್ರೆ ಎಣ್ಣೆ ಇನ್ನೂ ಇದೆ, ತೆಳ್ಳಗೆ ಹರಡ್ಕೊಂಡ್ರೆ ಕ್ಲೀನ್.

ಅವತ್ತೇ ಎರಡು ಡಬ್ಬಿ ಬೆರೆಸೋ ಎಪಾಕ್ಸಿ ಪ್ರೈಮರ್ ಹೊಡೀರಿ, ನಾಳೆ ಅಂತ ಬಿಡಬೇಡಿ.

ಇನ್ನೊಬ್ಬರು (ಸಾಗರ):
ನಮ್ ಮಲೆನಾಡಲ್ಲಿ ಬೆಳಗ್ಗೆ ಉಜ್ಜಿದ ತಗಡು ಸಾಯಂಕಾಲಕ್ಕೆ ಕೆಂಪಾಗಿರುತ್ತೆ, ಬರಿಗೈಲಿ ಮುಟ್ಟಿದ್ರೆ ಬೆವರಿನ ಬೆರಳಚ್ಚು ತುಕ್ಕಾಗಿ ಎದ್ದು ಕಾಣುತ್ತೆ. ಗ್ಲೌಸ್ ಹಾಕೊಳ್ಳಿ, ಬಿಸಿಲು ಬಿದ್ದ ದಿನ ಹನ್ನೊಂದು ಗಂಟೆ ಮೇಲೆ ಶುರು ಮಾಡಿ.

ಪ್ರಶ್ನೆ ಕೇಳಿದವರು:
ಪುಟ್ಟಿ ಎಪಾಕ್ಸಿ ಮೇಲೋ ಬರಿ ತಗಡಿನ ಮೇಲೋ? ಇನ್ನೊಂದು ಹೇಳೋದು ಮರೆತಿದ್ದೆ, ಪುಟ್ಟಿಗೆ ನಾನು ನೀರು ಹಾಕೇ ಪೇಪರ್ ಹೊಡೆದಿದ್ದು.

ಉತ್ತರ:
ಎರಡೂ ನಡೆಯುತ್ತೆ, ಆದ್ರೆ ಮಳೆಗಾಲದಲ್ಲಿ ನಾನು ಎಪಾಕ್ಸಿ ಮೇಲೇ ಹಾಕೋದು. ಪ್ರೈಮರ್ ಗಟ್ಟಿಯಾದ ಮೇಲೆ ಪುಟ್ಟಿ ಬರೋ ಜಾಗ ಮಾತ್ರ 120ರ ಪೇಪರಲ್ಲಿ ಗೀಚ್ಕೊಳ್ಳಿ. ಹಾರ್ಡ್‌ನರ್ ನೂರು ಗ್ರಾಂಗೆ ಎರಡು ಗ್ರಾಂ ಲೆಕ್ಕ, ಬೇಗ ಒಣಗ್ಲಿ ಅಂತ ಜಾಸ್ತಿ ಸುರೀಬೇಡಿ. ಎರಡು ಮೂರು ಮಿಲಿಮೀಟರ್ ಮೀರಿದ ತಗ್ಗಿದ್ರೆ ಮೊದಲು ಸುತ್ತಿಗೆ, ಡಾಲಿಲಿ (ತಗಡಿಗೆ ಆನಿಸಿ ಹಿಡಿಯೋ ಕಬ್ಬಿಣದ ಗಟ್ಟಿ) ಎತ್ತಿ. ಮತ್ತೆ ನೀರು ಬೇಡ್ವೇ ಬೇಡ, ಪುಟ್ಟಿ ನೀರು ಕುಡಿದು ಒಳಗೇ ಇಟ್ಕೊಳ್ಳುತ್ತೆ, ಆಮೇಲೆ ಪೇಂಟ್ ಮೇಲೆ ಗುಳ್ಳೆ ಬರುತ್ತೆ. ಒಣ ಪೇಪರ್ರೇ ಹೊಡೀರಿ, ಮಾಸ್ಕ್ ಹಾಕೊಂಡು.

ಪ್ರಶ್ನೆ ಕೇಳಿದವರು (ಎಂಟು ದಿನ ಆದ್ಮೇಲೆ):
ಒಂದು ಮಡ್‌ಗಾರ್ಡ್ ಮಾತ್ರ ಮಾಡಿ ನೋಡ್ದೆ. ನೀರಿನ ಪರೀಕ್ಷೇಲಿ ಮೂರು ಸಲ ಫೇಲಾಗಿ ನಾಲ್ಕನೇ ಸಲಕ್ಕೆ ನೀರು ಹರಡ್ತು, ಅವತ್ತೇ ಎಪಾಕ್ಸಿ ಹೊಡೆದೆ. ನಿನ್ನೆ ಪುಟ್ಟಿ ಅಂಚಿಗೆ ಬ್ಲೇಡ್ ಹಾಕಿ ಎಬ್ಬಿಸೋಕೆ ನೋಡಿದ್ರೆ ಪುಡಿಯಾಯ್ತೇ ಹೊರತು ಚಕ್ಕೆ ಏಳಲಿಲ್ಲ. ನಾಳೆ ಬಾನೆಟ್ ಬಿಚ್ತೀನಿ.