ಹಳೆ 150 ಸಿಸಿ ಎಟಿವಿ: ಹೊಸ ಬೆಲ್ಟ್ ಹಾಕಿದರೂ ಗುಡ್ಡೆ ಹತ್ತುತ್ತಿಲ್ಲ

ಮುಳ್ಳೇರಿಯ ಕಂಗು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ. ಪೂರ್ತಿ ವಿಷಯ ಹೇಳದಿದ್ದರೆ ನಿಮಗೂ ಉತ್ತರ ಕೊಡುವುದು ಕಷ್ಟ ಅಲ್ವಾ.

ನಮ್ಮದು ಮುಳ್ಳೇರಿಯ ಹತ್ತಿರ ಅಡಿಕೆ ತೋಟ. ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ ತೋಡಿನ ಬದಿಯಲ್ಲಿ. ಮಧ್ಯದ ದಾರಿ ಬರೀ ಮುರಕಲ್ಲು (ಜಂಬಿಟ್ಟಿಗೆ), ಒಳ್ಳೆ ಏರು. ಜೀಪು ತೋಟದ ಬೇಲಿವರೆಗೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಕಂಗಿನಿಂದ ಕಂಗಿಗೆ, ಅಂದರೆ ಅಡಿಕೆ ಮರದಿಂದ ಮರಕ್ಕೆ, 9 ಅಡಿ. ಮಧ್ಯೆ ಕಾಳುಮೆಣಸು, ಬಾಳೆ, ನೀರು ಹೋಗುವ ಕಣಿ ಎಲ್ಲ ಇವೆ. ಅಲ್ಲಿ ಜೀಪು ತಿರುಗಿಸುವುದು ಆಗದ ಮಾತು. ಅದಕ್ಕೇ ಹೋದ ವರ್ಷ ಒಂದು ಹಳೆ ಎಟಿವಿ, ಅಂದರೆ ಕಚ್ಚಾ ದಾರಿಗೆಂದೇ ಇರುವ ನಾಲ್ಕು ಚಕ್ರದ ಸಣ್ಣ ಗಾಡಿ, ತಂದೆ. ಕೊಡಗಿನ ಒಂದು ರೆಸಾರ್ಟಿನಲ್ಲಿ ಓಡಿದ ಗಾಡಿ. ಸ್ಟಿಕರ್ ಎಲ್ಲ ಹೋಗಿದೆ. ಇಂಜಿನ್ ಸ್ಕೂಟರಿಗೆ ಬರುವ ಜಿವೈ6 ಮಾದರಿಯ 150 ಸಿಸಿ, ಕಾರ್ಬ್ಯುರೇಟರ್, ಬೆಲ್ಟ್ ಡ್ರೈವ್, ಹಿಂದಿನ ಆಕ್ಸಲ್‌ಗೆ ಚೈನ್. ಫಾರ್ವರ್ಡ್, ನ್ಯೂಟ್ರಲ್, ರಿವರ್ಸ್ ಇದೆ. ಫೋರ್ ವೀಲ್ ಅಲ್ಲ.

ತೊಂದರೆ ಎರಡು. ಒಂದು, ಏರಿನಲ್ಲಿ ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ರಬ್ಬರ್ ವಾಸನೆ ಬರುತ್ತದೆ. ಬೆಲ್ಟ್ ಸವೆದಿದೆ ಅಂತ ಹೊಸದು ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು, ಈಗ ಮತ್ತೆ ಅದೇ ಕತೆ. ಎರಡನೆಯದು, ಚೋಕ್ ಎಳೆದರೆ ಮಾತ್ರ ಓಡುತ್ತದೆ, ತೆಗೆದರೆ ಆಫ್.

ಅಡಿಕೆಯ ಕೊಳೆರೋಗಕ್ಕೆ ಮೊದಲ ಸಲ ಮದ್ದು ಬಿಟ್ಟದ್ದು ಮಳೆಗೆ ಮೊದಲೇ. ಈಗ ಎರಡನೇ ಸಲದ ಸಮಯ ಬಂತು. ಹಿಂದಿನ ಕ್ಯಾರಿಯರ್ ಉದ್ದ ಮಾಡಿಸಿ ಮದ್ದಿನ ಎರಡು 40 ಲೀಟರ್ ಕ್ಯಾನ್ ಇಟ್ಟುಕೊಂಡು ಹೋಗುತ್ತೇನೆ. ಇನ್ನೊಂದು ಬೆಲ್ಟ್ ತರಬೇಕಾ, ಇಂಜಿನ್ನೇ ದೊಡ್ಡದು ಹಾಕಬೇಕಾ? ಗೊತ್ತಿದ್ದವರು ಹೇಳಿ.

ದೇಲಂಪಾಡಿ:

ಎರಡನೆಯದಕ್ಕೆ ನಾನು ಹೇಳುತ್ತೇನೆ, ನನ್ನ ಗಾಡಿಗೂ ಅದೇ ಆಗಿತ್ತು. ಚೋಕ್ ಇದ್ದರೆ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಕಡಿಮೆ ಬರುತ್ತಿದೆ ಅಥವಾ ಎಲ್ಲಿಂದಲೋ ಗಾಳಿ ಜಾಸ್ತಿ ನುಗ್ಗುತ್ತಿದೆ. ಹತ್ತರಲ್ಲಿ ಎಂಟು ಸಲ ಪೈಲಟ್ ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹೋಗುವ ಸಣ್ಣ ತೂತಿನ ತುಂಡು, ಕಟ್ಟಿರುತ್ತದೆ. ಗಾಡಿ ಬೇಸಿಗೆಯಲ್ಲಿ ಸುಮ್ನೆ ನಿಂತಿತ್ತಾ? ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ತೇವಕ್ಕೆ ಕೇಳಬೇಕಾ? ತಿಂಗಳುಗಟ್ಟಲೆ ನಿಂತರೆ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು, ಅಂದರೆ ಫ್ಲೋಟ್ ಬೌಲ್, ತಳದಲ್ಲಿ ಬಿಳಿ ಹುಡಿ, ಅಂಟು ಎಲ್ಲ ಕೂರುತ್ತದೆ.

ಬೌಲ್ ಬಿಚ್ಚಿ, ಚಿಕ್ಕ ಜೆಟ್ ತೆಗೆದು ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು. ಕಾರ್ಬ್ ಕ್ಲೀನರ್ ಹೊಡೆಯಿರಿ. ಸೂಜಿ ಹಾಕಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿ ಬರುವುದಿಲ್ಲ. ವಯರಿನ ಒಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ಕಾರ್ಬ್ಯುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಮ್ಯಾನಿಫೋಲ್ಡನ್ನೂ ಬಗ್ಗಿಸಿ ನೋಡಿ, ಬಿರುಕು ಒಳಮಗ್ಗುಲಲ್ಲಿ ಇರುತ್ತದೆ.

ಪೆರ್ಲದ ಹಳೆ ಮೆಕ್ಯಾನಿಕ್:

ತಮ್ಮಾ, ಇಂಜಿನ್ ಬದಲಿಸುವ ಯೋಚನೆ ಸದ್ಯಕ್ಕೆ ಬಿಡಿ. ಇಂಜಿನ್ ಕಿರುಚುತ್ತದೆ ಅಂದರೆ ಅದಕ್ಕೆ ಶಕ್ತಿ ಇದೆ ಅಂತಲೇ ಅರ್ಥ. ಆ ಶಕ್ತಿ ಚಕ್ರಕ್ಕೆ ಮುಟ್ಟುತ್ತಿಲ್ಲ. ದೊಡ್ಡ ಇಂಜಿನ್ ಹಾಕಿದರೆ ಬೆಲ್ಟ್ ಇನ್ನೂ ಬೇಗ ಸುಡುತ್ತದೆ, ಅಷ್ಟೇ.

ಇದು ಸ್ಕೂಟರಿನದ್ದೇ ಕೆಲಸ. ಮುಂದೆ ವೇರಿಯೇಟರ್, ಅಂದರೆ ತಾನೇ ಗೇರ್ ಬದಲಿಸುವ ಪುಲಿ, ಅದರೊಳಗೆ ಆರು ರೋಲರ್. ಹಿಂದೆ ಸ್ಪ್ರಿಂಗ್ ಇರುವ ಪುಲಿ, ಅದಕ್ಕೆ ಅಂಟಿಕೊಂಡು ಕ್ಲಚ್. ಮಧ್ಯೆ ಬೆಲ್ಟ್. ಎಲ್ಲಿ ಜಾರುತ್ತಿದೆ ಅಂತ ಬಿಚ್ಚುವ ಮೊದಲೇ ಸುಮಾರು ತಿಳಿಯಬಹುದು. ನಿಂತಲ್ಲಿಂದ ಹೊರಡುವಾಗಲೇ ಇಂಜಿನ್ ಏರಿ, ಗಾಡಿ ಕದಲದಿದ್ದರೆ ಕ್ಲಚ್ ಶೂ. ಹೊರಟು ಸ್ವಲ್ಪ ದೂರ ಹೋಗಿ, ಭಾರ ಬಿದ್ದಾಗ ಕಿರುಚಿ ವಾಸನೆ ಬಂದರೆ ಬೆಲ್ಟ್. ಕಿರುಚದೆ, ಉಸಿರು ಕಟ್ಟಿದ ಹಾಗೆ ಇಂಜಿನ್ ಕೆಳಗೆ ಬಂದು ನಿಂತರೆ ರೋಲರ್ ಎಲ್ಲೋ ಸಿಕ್ಕಿದೆ. ನಿಮ್ಮದು ಎರಡನೇ ಜಾತಿ.

ಆದರೆ ಎರಡು ವಾರದಲ್ಲಿ ಹೊಸ ಬೆಲ್ಟ್ ಹಾಳಾಗುವುದು ಸವೆತದಿಂದ ಅಲ್ಲ. ಮೂರು ವಿಷಯ ನೋಡಿ ಹೇಳಿ. ಬೆಲ್ಟಿನ ಮೇಲೆ ಬರೆದ ನಂಬರ್ ಏನು? ತೋಡು ದಾಟುವಾಗ ನೀರು ಎಷ್ಟು ಎತ್ತರ? ಕವರ್ ತೆಗೆದಾಗ ಒಳಗೆ ಒಣಗಿದೆಯೋ, ಜಿಡ್ಡಿದೆಯೋ? ಒರೆಸುವ ಮೊದಲು ನೋಡಿ, ದಯವಿಟ್ಟು. ಜಿಡ್ಡು ಎಲ್ಲಿಂದ ಹಾರಿದೆ ಅಂತ ಗುರುತು ಸಿಗುವುದು ಆಗಲೇ.

ಮುಳ್ಳೇರಿಯ ಕಂಗು:

ಅಣ್ಣ, ಭಾನುವಾರ ಇಡೀ ಅದರಲ್ಲೇ ಕೂತೆ.

ದೇಲಂಪಾಡಿಯವರಿಗೆ ಮೊದಲು ಧನ್ಯವಾದ. ಜೆಟ್ ಪೂರ್ತಿ ಮುಚ್ಚಿತ್ತು. ಬೌಲಿನಲ್ಲಿ ನೀವು ಹೇಳಿದ ಹುಡಿ ಒಂದು ಚಮಚೆಯಷ್ಟಿತ್ತು. ಗಾಡಿ ಫೆಬ್ರವರಿಯಿಂದ ಮೇವರೆಗೆ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿದ್ದು ಹೌದು. ಈಗ ಚೋಕ್ ಇಲ್ಲದೆಯೂ ಓಡುತ್ತದೆ.

ಬೆಲ್ಟ್ ನಂಬರ್ 842-20-30. ಹಳೆಯದರಲ್ಲೂ ಅದೇ ಇದೆ. ತೋಡಿನ ನೀರು ಫುಟ್‌ರೆಸ್ಟಿಗೆ ಮುಟ್ಟುವುದಿಲ್ಲ. ಕವರ್ ಒಳಗೆ ಮಾತ್ರ ಜಿಡ್ಡು! ಹಿಂದಿನ ಪುಲಿಯ ನಡುವಿನಿಂದ ಅಂಚಿನ ಕಡೆಗೆ ಗೆರೆಗೆರೆಯಾಗಿ ಹಾರಿದೆ. ಮುಂದಿನ ಪುಲಿಯ ಹಿಂದೆ ಒಣಗಿದೆ. ಬೆಲ್ಟಿನ ಬದಿ ಗಾಜಿನ ಹಾಗೆ ಹೊಳೆಯುತ್ತದೆ. ವರ್ನಿಯರ್‌ನಲ್ಲಿ ಅಗಲ 19.6 ಮಿಲಿಮೀಟರ್ ಬಂತು. ರೋಲರ್ ತೆಗೆದೆ, ಆರರಲ್ಲಿ ಎರಡು ಒಂದು ಬದಿ ಚಪ್ಪಟೆ ಆಗಿವೆ.

ಪೆರ್ಲದ ಹಳೆ ಮೆಕ್ಯಾನಿಕ್:

ಸಿಕ್ಕಿತು. ಬಹಳ ಚೆನ್ನಾಗಿ ನೋಡಿದ್ದೀರಿ.

842 ಅಂದರೆ ಉದ್ದ, 20 ಅಂದರೆ ಅಗಲ ಮಿಲಿಮೀಟರಿನಲ್ಲಿ, 30 ಅಂದರೆ ಬದಿಯ ಓರೆ ಡಿಗ್ರಿಯಲ್ಲಿ. 20ರ ಬೆಲ್ಟ್ 19.6 ಇದೆ ಅಂದರೆ ಏನೂ ಸವೆದಿಲ್ಲ. ಜಿಡ್ಡಿಗೆ ಜಾರಿದೆ, ಜಾರಿ ಬಿಸಿಯಾಗಿ ಬದಿ ಗಟ್ಟಿಯಾಗಿದೆ.

ಮುಂದೆ ಒಣಗಿದೆ, ಹಾಗಾಗಿ ಕ್ರ್ಯಾಂಕಿನ, ಅಂದರೆ ಇಂಜಿನ್ ತಿರುಗಿಸುವ ದಂಡದ, ಸೀಲ್ ಸರಿಯಿದೆ. ಹಿಂದಿನ ಪುಲಿಯ ನಡುವಿನಿಂದ ಹಾರಿದ್ದು ಆ ಪುಲಿಯ ಒಳಗಿನ ಗ್ರೀಸ್. ಅಲ್ಲಿ ಜಾರುವ ಅರ್ಧಕ್ಕೆ ಸಣ್ಣ ಪಿನ್‌ಗಳಿವೆ. ಅವು ಗ್ರೀಸಿನಲ್ಲಿ ಓಡುತ್ತವೆ. ಗ್ರೀಸ್ ಹೊರಗೆ ಬಾರದ ಹಾಗೆ ಎರಡು ಓ-ರಿಂಗ್, ಎರಡು ಸೀಲ್ ಇರುತ್ತವೆ. ಹಳೆ ಗಾಡಿಯಲ್ಲಿ ಓ-ರಿಂಗ್ ಗಟ್ಟಿಯಾಗಿ ಚೂರಾಗುತ್ತದೆ. ಅದರ ಮೇಲೆ ಬೆಲ್ಟ್ ಹಾಕಿದವರು ಒಳ್ಳೆಯದಾಗಲಿ ಅಂತ ಗ್ರೀಸ್ ತುಂಬಿರಬೇಕು. ತಿರುಗುವಾಗ ಅಷ್ಟೂ ಹೊರಗೆ ಹಾರಿ ಬೆಲ್ಟಿಗೆ ಬಿದ್ದಿದೆ. ಇನ್ನೂ ಹತ್ತು ಬೆಲ್ಟ್ ಹಾಕಿದರೂ ಇದೇ ಆಗುತ್ತಿತ್ತು.

ಈಗ ಹಿಂದಿನ ಪುಲಿ ಪೂರ್ತಿ ಬಿಚ್ಚಬೇಕು. ಕ್ಲಚ್ ಹಿಡಿದಿರುವ ದೊಡ್ಡ ನಟ್ ತೆಗೆಯುವಾಗ ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ. ಒಬ್ಬರೇ ಮಾಡಬೇಡಿ. ಒಬ್ಬರು ಮೇಲಿನಿಂದ ಮೈಭಾರ ಹಾಕಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಟ್ ಬಿಚ್ಚಿ, ಮೆಲ್ಲ ಬಿಡಬೇಕು. ಮುಖ ಅದರ ಮೇಲೆ ಬಗ್ಗಿಸಬೇಡಿ. ಓ-ರಿಂಗ್, ಸೀಲ್ ನಾಲ್ಕೂ ಹೊಸದು ಹಾಕಿ. ಗ್ರೀಸ್ ಪಿನ್ನಿನ ಸಂದಿಗೆ ಬೆರಳ ತುದಿಯಷ್ಟು ಸಾಕು, ಬಿಸಿಗೆ ಕರಗದ ಜಾತಿಯದ್ದು. ಪುಲಿಯ ಮುಖಗಳನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ, ನಯವಾದ ಸ್ಯಾಂಡ್ ಪೇಪರಿನಿಂದ ಹೊಳಪು ಮಾತ್ರ ತೆಗೆಯಿರಿ. ಕ್ಲಚ್ ಶೂ ಮತ್ತು ಅದರ ಬಟ್ಟಲಿಗೂ ಹಾಗೆಯೇ. ವೇರಿಯೇಟರ್ ಒಳಗೆ, ರೋಲರ್ ಓಡುವಲ್ಲಿ, ಗ್ರೀಸ್ ಬೇಡವೇ ಬೇಡ.

ಕೂಡಿಸುವಾಗ ಒಂದು ಮಾತು. ನಾನು ನೋಡಿದ ಹಾಳಾದ ಕ್ರ್ಯಾಂಕ್‌ಗಳಲ್ಲಿ ಜಾಸ್ತಿ ಇದೇ ತಪ್ಪಿನಿಂದ. ಬೆಲ್ಟನ್ನು ಮೊದಲು ಹಿಂದಿನ ಪುಲಿಯ ಆಳಕ್ಕೆ ಒತ್ತಿ ಇಳಿಸಿ. ಆಗ ಮುಂದೆ ಸಡಿಲ ಬರುತ್ತದೆ. ಸಡಿಲ ಇಲ್ಲದೆ ಮುಂದಿನ ನಟ್ ಬಿಗಿದರೆ ಮುಂದಿನ ಪ್ಲೇಟ್ ಬೆಲ್ಟಿಗೆ ತಾಗಿ ನಿಲ್ಲುತ್ತದೆ, ಒಳಗಿನ ಬೂಶಿಗೆ ಕೂರುವುದಿಲ್ಲ. ಕೈಗೆ ಟೈಟ್ ಆದ ಹಾಗೆಯೇ ಅನಿಸುತ್ತದೆ. ನಾಲ್ಕು ದಿನ ಓಡಿದ ಮೇಲೆ ನಟ್ ಸಡಿಲಾಗಿ ಕ್ರ್ಯಾಂಕಿನ ಹಲ್ಲುಗಳೆಲ್ಲ ಸವೆಯುತ್ತವೆ. ಮತ್ತೆ ನಟ್ ಬಿಚ್ಚಲು ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ತಡೆಯಬೇಡಿ, ಮುರಿಯುತ್ತದೆ. ಇಂಪ್ಯಾಕ್ಟ್ ಗನ್ ಇರುವಲ್ಲಿ ಬಿಚ್ಚಿಸಿ.

ಬಾಯಾರು ಗುಡ್ಡೆ:

ರೋಲರ್ ಬದಲಿಸುವಾಗ ಆರೂ ಒಟ್ಟಿಗೆ ಬದಲಿಸಿ. ಹಳೆಯದರಲ್ಲಿ ಚಪ್ಪಟೆ ಆಗದ ಒಂದನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅದಕ್ಕಿಂತ ಒಂದು ಗ್ರಾಂ ಕಡಿಮೆಯದ್ದು ಹಾಕಿ. ಹಗುರ ರೋಲರ್ ನಿಧಾನವಾಗಿ ಹೊರಗೆ ಹೋಗುತ್ತದೆ, ಗಾಡಿ ಕಡಿಮೆ ಗೇರಿನಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಏರಿಗೆ ಅದೇ ಬೇಕು. ಓಟ ಸ್ವಲ್ಪ ಕಡಿಮೆಯಾಗುತ್ತದೆ, ತೋಟದಲ್ಲಿ ಓಟ ಯಾರಿಗೆ ಬೇಕು?

ಅದರ ಜೊತೆ ಮುಂದಿನ ಚೈನ್ ಸ್ಪ್ರಾಕೆಟ್ ಎಷ್ಟು ಹಲ್ಲಿನದ್ದು ನೋಡಿ. 12 ಇದ್ದರೆ 11 ಹಾಕಿ, ಎಳೆಯುವ ಬಲ ಶೇಕಡಾ 9ರಷ್ಟು ಜಾಸ್ತಿ ಸಿಗುತ್ತದೆ. ಖರ್ಚು ತೀರಾ ಕಡಿಮೆ. ನಾನು ಇವೆರಡೇ ಮಾಡಿದ್ದು.

ಟೈರ್ ಗಾಳಿ ಎಷ್ಟು ಹಾಕುತ್ತೀರಿ?

ಮುಳ್ಳೇರಿಯ ಕಂಗು:

ಪಂಕ್ಚರ್ ಅಂಗಡಿಯಲ್ಲಿ 25 ಹಾಕಿದ್ದಾರೆ.

ಬಾಯಾರು ಗುಡ್ಡೆ:

ಮಾರಾಯ್ರೇ, ಅದು ಬೈಕಿನ ಲೆಕ್ಕ. ಈ ಅಗಲ ಟೈರಿಗೆ 4ರಿಂದ 6 ಪಿಎಸ್‌ಐ ಸಾಕು. ಟೈರಿನ ಬದಿಯಲ್ಲಿ ಬರೆದದ್ದನ್ನೂ ಓದಿ. ಅಂಗಡಿಯ ಮೀಟರಿನಲ್ಲಿ ಅಷ್ಟು ಕಡಿಮೆ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಮೀಟರ್ ಬೇರೆಯೇ ಸಿಗುತ್ತದೆ. 25 ಇದ್ದರೆ ಹಾವಸೆ ಹಿಡಿದ ಮುರಕಲ್ಲಿನ ಮೇಲೆ ಟೈರ್ ಚೆಂಡಿನ ಹಾಗೆ ಪುಟಿಯುತ್ತದೆ. ಹಿಡಿತ ಇರುವುದಿಲ್ಲ.

ದೇಲಂಪಾಡಿ:

ನನಗೆ ಮೊದಲ ಪೋಸ್ಟ್ ಓದಿದಾಗಲೇ ಹೆದರಿಕೆ ಆದದ್ದು ಕ್ಯಾರಿಯರಿನ ವಿಷಯ. 80 ಲೀಟರ್ ಮದ್ದು ಅಂದರೆ 80 ಕಿಲೋ. ಅದನ್ನು ಹಿಂದಿನ ಆಕ್ಸಲಿಗಿಂತಲೂ ಹಿಂದೆ ಇಟ್ಟು ಏರು ಹತ್ತಿಸಿದರೆ ಮುಂದಿನ ಚಕ್ರ ಎದ್ದೇ ಏಳುತ್ತದೆ. ಅರ್ಧ ತುಂಬಿದ ಕ್ಯಾನ್ ಇನ್ನೂ ಅಪಾಯ. ಒಳಗೆ ನೀರು ಹಿಂದಕ್ಕೆ ಓಡಿ ಒಮ್ಮೆಲೇ ಭಾರ ಅಲ್ಲಿಗೇ ಬೀಳುತ್ತದೆ. ಗಾಡಿ ಹಿಂದಕ್ಕೆ ಮಗುಚಿದರೆ ನಿಮ್ಮ ಮೇಲೆಯೇ. ದಯವಿಟ್ಟು ಆ ಉದ್ದ ಮಾಡಿದ ತುಂಡು ಕತ್ತರಿಸಿ ತೆಗೆಯಿರಿ.

ಮದ್ದನ್ನು ಗಾಡಿಯಲ್ಲಿ ಹೊರುವ ಅಗತ್ಯವೇ ಇಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅಷ್ಟೇ ಅಲ್ವಾ? ನೀರು ಕೆಳಗೆ ತೋಡಿನಲ್ಲೇ ಇದೆ. ಬ್ಯಾರಲ್ ತೋಟದಲ್ಲಿಟ್ಟು ಅಲ್ಲೇ ಕಲಸಿ. ಗಾಡಿಯಲ್ಲಿ ಸುಣ್ಣ, ಮೈಲುತುತ್ತು, ಪೈಪು ಮಾತ್ರ ಒಯ್ಯಿರಿ.

ಇನ್ನೊಂದು ಕಾರಣವೂ ಉಂಟು. ಮೈಲುತುತ್ತಿನ ನೀರು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ನನ್ನ ಗಾಡಿಯ ವಯರಿನ ಕನೆಕ್ಟರ್ ಎಲ್ಲ ಹಸಿರಾಗಿ, ಮಳೆಗಾಲದ ಮಧ್ಯೆ ಸ್ಟಾರ್ಟೇ ಆಗದೆ ನಿಂತಿತ್ತು. ಕೆಲಸ ಮುಗಿದ ದಿನವೇ ನೀರು ಹೊಡೆದು ತೊಳೆಯಿರಿ. ಕನೆಕ್ಟರ್ ಒಣಗಿಸಿ, ಅದಕ್ಕೆಂದೇ ಸಿಗುವ ಗ್ರೀಸ್ ಹಚ್ಚಿ.

ಪೆರ್ಲದ ಹಳೆ ಮೆಕ್ಯಾನಿಕ್:

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹಿಂದೆ ಇನ್ನೊಬ್ಬರನ್ನು ಕೂರಿಸುವುದೂ ಬೇಡ, ಅದು ಒಬ್ಬರ ಗಾಡಿ. ಮನೆಯ ಮಕ್ಕಳು ಕೇಳುತ್ತಾರೆ, ಕೊಡಬೇಡಿ. ನೋಂದಣಿ ಇಲ್ಲದ ಗಾಡಿ, ಪಂಚಾಯತ್ ರಸ್ತೆಗೂ ಇಳಿಸಬೇಡಿ. ರಸ್ತೆ ಆಚೆಯ ತೋಟಕ್ಕೆ ಬೇಕಿದ್ದರೆ ಪಿಕಪ್‌ನಲ್ಲಿ ಒಯ್ಯಿರಿ.

ಮುಳ್ಳೇರಿಯ ಕಂಗು:

ಹತ್ತು ದಿನ ಆಯಿತು, ಈಗ ಬರೆಯುತ್ತಿದ್ದೇನೆ.

ಓ-ರಿಂಗ್ ಎರಡೂ ಕೈಗೆ ಬರುವಾಗಲೇ ಚೂರಾದವು. ಸೀಲ್ ಕಾಸರಗೋಡಿನಲ್ಲಿ ಸಿಗಲಿಲ್ಲ. ಹಳೆಯದನ್ನು ಹಿಡಿದುಕೊಂಡು ಮಂಗಳೂರಿಗೆ ಹೋಗಿ ಅಳತೆ ನೋಡಿ ತಂದೆ. ಸ್ಪ್ರಿಂಗ್ ಒತ್ತಿ ಹಿಡಿಯಲು ಭಾವ ಬಂದಿದ್ದರು. ಬೆಲ್ಟ್ ಸಡಿಲದ ವಿಷಯ ನೀವು ಹೇಳದಿದ್ದರೆ ಖಂಡಿತ ತಪ್ಪು ಮಾಡುತ್ತಿದ್ದೆ ಅಣ್ಣ. ಮೊದಲ ಸಲ ನಟ್ ಟೈಟ್ ಆಯಿತು ಅಂದುಕೊಂಡೆ. ಪ್ಲೇಟ್ ಅಲ್ಲಾಡಿಸಿ ನೋಡಿದರೆ ಸಂದಿ ಇತ್ತು. ಬಿಚ್ಚಿ ಬೆಲ್ಟ್ ಹಿಂದಕ್ಕೆ ಒತ್ತಿ ಮತ್ತೆ ಹಾಕಿದೆ.

ಹಳೆ ರೋಲರ್ 13 ಗ್ರಾಂ ಬಂತು, 12ರದ್ದು ಹಾಕಿದೆ. ಗಾಳಿ 5ಕ್ಕೆ ಇಳಿಸಿದೆ. ಸ್ಪ್ರಾಕೆಟ್ ಇನ್ನೂ ಮುಟ್ಟಿಲ್ಲ, ಬೇಕಾಗಲೂ ಇಲ್ಲ. ನಿನ್ನೆ ಮಳೆ ಬಿಟ್ಟ ಹೊತ್ತಿಗೆ ಕೆಳಗಿನಿಂದ ಮನೆ ಅಂಗಳದವರೆಗೆ ಎಲ್ಲೂ ನಿಲ್ಲದೆ ಹತ್ತಿತು. ಕವರ್ ಮುಟ್ಟಿ ನೋಡಿದೆ, ಬಿಸಿ ಇತ್ತು, ವಾಸನೆ ಇಲ್ಲ. ಕ್ಯಾರಿಯರಿನ ಉದ್ದದ ತುಂಡು ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿಸಿದ್ದೇನೆ.

ಒಂದೇ ಸಂಶಯ. ಹೊಳಪು ಬಂದ ಆ ಬೆಲ್ಟ್ ಬಿಸಾಡಬೇಕಾ? ಈಗ ಮತ್ತೊಂದು ಹೊಸದು ಹಾಕಿದ್ದೇನೆ.

ಪೆರ್ಲದ ಹಳೆ ಮೆಕ್ಯಾನಿಕ್:

ಬಿಸಾಡಬೇಡಿ. ಸೋಪು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬದಿಯನ್ನು ಸ್ಯಾಂಡ್ ಪೇಪರಿನಿಂದ ತಿಕ್ಕಿ, ಬಿರುಕು ಇಲ್ಲದಿದ್ದರೆ ಸೀಟಿನ ಕೆಳಗೆ ಇಟ್ಟುಕೊಳ್ಳಿ. ಕೆಳಗೆ ತೋಟದಲ್ಲಿ ಬೆಲ್ಟ್ ತುಂಡಾದರೆ ಮನೆಗೆ ಬಂದು ಮುಟ್ಟಲು ಸಾಕು. ಹೊಸ ಬೆಲ್ಟನ್ನು ಮೊದಲ ಎರಡು ಮೂರು ದಿನ ಭಾರ ಇಲ್ಲದೆ ಓಡಿಸಿ. ತಿಂಗಳು ಬಿಟ್ಟು ಕವರ್ ತೆಗೆದು, ಹಿಂದಿನ ಪುಲಿಯ ನಡುವೆ ಒಣಗಿದೆಯಾ ಅಂತ ಒಮ್ಮೆ ನೋಡಿ ಇಲ್ಲಿ ಬರೆಯಿರಿ.