ಮುಖ ಪಕ್ಕಕ್ಕೆ ಇಟ್ರೆ ಮುಖಾನೇ ಮಂಕು, ಹಿಂದಿರೋ ಕಬ್ಬಿನ ಸಿಪ್ಪೆ ಶಾರ್ಪು – ಎಲ್ಲಿ ತಪ್ಪಾಗ್ತಿದೆ?

ಆಲೆಮನೆ_ಹುಡ್ಗ (ಮಂಡ್ಯ):
ಎಲ್ರಿಗೂ ನಮಸ್ಕಾರ. ನನ್ ಹತ್ರ ಇರೋದು ಕ್ಯಾನನ್ 1500ಡಿ, ಜೊತೆಗೆ 50 ಎಂಎಂ ಎಫ್ 1.8 ಲೆನ್ಸ್, ತಗೊಂಡು ಎಂಟು ತಿಂಗ್ಳಾಯ್ತು. ನಮ್ ತಾತಂಗೆ ಎಂಬತ್ತು ದಾಟದೆ, ಆಧಾರ್ ಕಾರ್ಡಲ್ಲಿರೋದು ಬಿಟ್ರೆ ಅವ್ರದ್ದು ಅಂತ ನೆಟ್ಟಗಿರೋ ಫೋಟೋ ಒಂದೂ ಇಲ್ಲ, ಈ ಸಲ ಆಲೆಮನೆ ನಡೀತಿರುವಾಗ್ಲೇ ಕೊಪ್ಪರಿಗೆ ಪಕ್ಕ ನಿಂತಿರೋ ಹಂಗೆ ಒಂದು ತೆಗ್ದು ದೊಡ್ಡದಾಗಿ ಪ್ರಿಂಟ್ ಹಾಕ್ಸ್ಬೇಕು ಅಂತ ಹಠ ಹಿಡ್ದಿದೀನಿ. ತಾತನ್ನ ಮಧ್ಯಕ್ಕೆ ಇಟ್ಟು ತೆಗುದ್ರೆ ರೆಪ್ಪೆ ಕೂದ್ಲು ಎಣಿಸ್ಬೋದು ಅಷ್ಟು ಚೆನ್ನಾಗಿ ಬತ್ತದೆ, ಆದ್ರೆ ಪಾಸ್‌ಪೋರ್ಟ್ ಫೋಟೋ ಥರ ಕಾಣ್ತದೆ ಅಂತ ಪಕ್ಕಕ್ಕೆ ಸರಿಸಿ ತೆಗುದ್ರೆ ಮುಖ ಮಂಕು, ಅವ್ರ ಹಿಂದೆ ಐದಾರು ಮೀಟರ್ ದೂರದಲ್ಲಿ ಒಣಗಾಕಿರೋ ಕಬ್ಬಿನ ಸಿಪ್ಪೆ ರಾಶಿ ಮಾತ್ರ ಎಳೆ ಎಳೆ ಶಾರ್ಪು. ಮಧ್ಯದ ಪಾಯಿಂಟಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿ ಹಿಡ್ಕೊಂಡೇ ಕ್ಯಾಮೆರಾ ತಿರುಗಿಸ್ತಿದೀನಿ, ಎಲ್ರೂ ಹಂಗೇ ಅಲ್ವಾ ಮಾಡೋದು? ಎವಿ ಮೋಡ್ (ಲೆನ್ಸ್ ಬಾಯಿ ಎಷ್ಟು ತೆರೀಬೇಕು ಅಂತ ನಾವೇ ಇಡೋದು), ಪೂರ್ತಿ ತೆರೆದು 1.8. ನಲವತ್ತು ಫೋಟೋದಲ್ಲಿ ಮೂರೋ ನಾಲ್ಕೋ ಸರಿ ಬಂದವೆ. ಆಲೆಮನೆ ಇನ್ನು ಹತ್ತು ದಿನ ನಡದ್ರೆ ಹೆಚ್ಚು. ಒಸಿ ನೋಡಿ ಹೇಳ್ರಣ್ಣ.

ಕುಕ್ಕರಹಳ್ಳಿ_ಬೆಳಗು (ಮೈಸೂರು):
ಇದು ಮಾಮೂಲಿ ಸಮಸ್ಯೆ ಬ್ರದರ್. 1.8ರಲ್ಲಿ ಫೋಕಸ್ ಮಾಡಿ ಆಮೇಲೆ ಫ್ರೇಮ್ ತಿರುಗಿಸಿದ್ರೆ ಫೋಕಸ್ ಜಾರುತ್ತೆ. ಎಫ್ 4ಗೆ ಹೋಗಿ, ಸರಿಹೋಗುತ್ತೆ.

ಟ್ರೈಪಾಡ್_ಮದ್ದೂರು:
ಲೆನ್ಸ್‌ದೇ ಪ್ರಾಬ್ಲಮ್ ಇರ್ಬೋದು ಗುರು, ಹಿಡಿದ ಜಾಗಕ್ಕಿಂತ ಹಿಂದಕ್ಕೆ ಫೋಕಸ್ ಬೀಳೋದು, ಬ್ಯಾಕ್ ಫೋಕಸ್ ಅಂತಾರೆ. ನಂದು ಒಂದು ಲೆನ್ಸ್ ಹಂಗೇ ಆಗಿತ್ತು, ಸರ್ವೀಸ್‌ಗೆ ಕೊಟ್ಟು ಒಂದ್ ತಿಂಗ್ಳು ಕಾದೆ.

ಸಮತಟ್ಟು (ಮೈಸೂರು):
ಸರ್ವೀಸ್‌ಗೆ ಕೊಡೋಕ್ ಮುಂಚೆ ಒಂದ್ನಿಮಿಷ. ಮಧ್ಯಕ್ಕಿಟ್ಟಾಗ ರೆಪ್ಪೆ ಎಣಿಸ್ಬೋದು ಅಂತ ಅವರೇ ಹೇಳಿದಾರಲ್ಲ, ಬ್ಯಾಕ್ ಫೋಕಸ್ ಇದ್ದಿದ್ರೆ ಆಗ್ಲೂ ಮಂಕಾಗೇ ಬರ್ಬೇಕಿತ್ತು. ಹಾಗಾಗಿ ಲೆನ್ಸ್ ಮೇಲೆ ನಂಗೆ ಅನುಮಾನ ಇಲ್ಲ.

ಇನ್ನು ತಿರುಗಿಸಿದ್ರೆ ಜಾರುತ್ತೆ ಅನ್ನೋದು. ಜಾರೋದು ನಿಜ, ಎಷ್ಟು ಜಾರುತ್ತೆ ಅಂತ ಲೆಕ್ಕ ಹಾಕೋಣ. ಈ ಕ್ಯಾಮೆರಾ ಸೆನ್ಸರ್ ಅಗಲ 22.3 ಮಿಲಿಮೀಟರ್, ಅದನ್ನ ಮೂರು ಸಮ ಭಾಗ ಮಾಡಿದ್ರೆ ಮಧ್ಯದಿಂದ ಮೂರನೇ ಒಂದರ ಗೆರೆಗೆ (ಪಕ್ಕಕ್ಕೆ ಇಡೋವಾಗ ಮುಖ ಇಡೋದು ಅಲ್ಲೇ) 3.7 ಮಿಲಿಮೀಟರ್ ಬಂತು, 50 ಎಂಎಂ ಲೆನ್ಸಲ್ಲಿ ಅಂದ್ರೆ ಕ್ಯಾಮೆರಾ ತಿರುಗೋದು 4 ಡಿಗ್ರಿ ಚಿಲ್ರೆ. ತಾತ ಒಂದೂವರೆ ಮೀಟರ್ ದೂರದಲ್ಲಿದ್ರೆ ಅಷ್ಟು ತಿರುಗಿಸಿದ್ದಕ್ಕೆ ಫೋಕಸ್ ಹಿಂದಕ್ಕೆ ಹೋಗೋದು ಸುಮಾರು 4 ಮಿಲಿಮೀಟರ್. 1.8ರಲ್ಲಿ ಅಷ್ಟು ದೂರಕ್ಕೆ ಶಾರ್ಪಾಗಿ ಕಾಣೋ ಆಳ ಹೆಚ್ಚುಕಮ್ಮಿ 6 ಸೆಂಟಿಮೀಟರ್ ಇರುತ್ತೆ, ಅದ್ರೊಳಗೆ 4 ಮಿಲಿಮೀಟರ್ ಗೊತ್ತೂ ಆಗಲ್ಲ. ತಿರುಗಿಸುವಾಗ ನಮ್ಮ ಮೈ ಹಿಂದೆ ಮುಂದೆ ವಾಲೋದೇ ಅದಕ್ಕಿಂತ ಜಾಸ್ತಿ, ಮೂರು ಸೆಂಟಿಮೀಟರ್ ಮುಂದಕ್ಕೆ ವಾಲಿದ್ರೂ ಕಣ್ಣು ಮಂಕಾಗ್ತಾ ಶಾರ್ಪು ಕಿವಿ ಕಡೆಗೆ ಜಾರುತ್ತೆ. ಆದ್ರೆ ಇವರಿಗೆ ಶಾರ್ಪಾಗ್ತಿರೋದು ಕಿವಿ ಅಲ್ಲ, ಐದು ಮೀಟರ್ ಹಿಂದಿನ ಸಿಪ್ಪೆ. ಅಂದ್ರೆ ಕ್ಯಾಮೆರಾ ಹೊಸ್ದಾಗಿ ಹಿಂದಕ್ಕೆ ಫೋಕಸ್ ಮಾಡ್ತಿದೆ ಅಂತ ಅರ್ಥ.

ತಮ್ಮಾ, ಎರಡು ವಿಷಯ ನೋಡಿ ಹೇಳಿ. ಕ್ಯಾಮೆರಾ ಹಿಂದೆ ನಾಲ್ಕು ದಿಕ್ಕಿನ ಬಟನ್ ಇದ್ಯಲ್ಲ, ಬಲಗಡೇದು ಎಎಫ್ ಅಂತ ಇರುತ್ತೆ, ಅದನ್ನ ಒತ್ತಿದ್ರೆ ಒನ್ ಶಾಟ್, ಏಐ ಫೋಕಸ್, ಏಐ ಸರ್ವೋ ಮೂರರಲ್ಲಿ ಯಾವ್ದು ಸೆಲೆಕ್ಟ್ ಆಗಿದೆ? ಇನ್ನೊಂದು, ಅರ್ಧ ಒತ್ತಿದಾಗ ಬೀಪ್ ಒಂದೇ ಸಲ ಬಂದು ನಿಲ್ಲುತ್ತಾ ಇಲ್ಲ ತಿರುಗಿಸುವಾಗ್ಲೂ ಏನಾದ್ರೂ ಸದ್ದು ಬರುತ್ತಾ?

ಆಲೆಮನೆ_ಹುಡ್ಗ:
ಅಣ್ಣ ಈಗ್ತಾನೆ ನೋಡ್ದೆ, ಏಐ ಫೋಕಸ್ ಅಂತದೆ. ಯಾವ್ದೋ ವಿಡಿಯೋ ನೋಡ್ಕೊಂಡು ನಾನೇ ಯಾವಾಗ್ಲೋ ಬದ್ಲಾಯ್ಸಿದ್ದೆ ಅನ್ಸತ್ತೆ. ಬೀಪ್ ಮೊದ್ಲು ಜೋರಾಗಿ ಬತ್ತದೆ, ಆಮೇಲೆ ತಿರುಗಿಸುವಾಗ ಸಣ್ಣಗೆ ಟಿಕ್ ಟಿಕ್ ಅಂತ ಕೇಳ್ತದೆ, ಲೆನ್ಸ್ ಒಳಗೆ ಗುಯ್ ಅಂತ ತಿರುಗೋದೂ ಕೈಗೆ ಗೊತ್ತಾಗ್ತದೆ. ಅದು ಸಹಜ ಅನ್ಕೊಂಡಿದ್ದೆ.

ಸಮತಟ್ಟು:
ಸಿಕ್ತು ನೋಡಿ. ಏಐ ಫೋಕಸ್ ಅಂದ್ರೆ ಮೊದ್ಲು ಒನ್ ಶಾಟ್ ಥರ ಫೋಕಸ್ ಲಾಕ್ ಮಾಡುತ್ತೆ, ಎದುರಿರೋದು ಅಲ್ಲಾಡ್ತಿದೆ ಅನ್ನಿಸಿದ್ರೆ ತಾನಾಗೇ ಸರ್ವೋಗೆ ಹೋಗ್ಬಿಡುತ್ತೆ. ಸಣ್ಣ ಬೀಪ್ ಅದೇ. ಆಲೆಮನೇಲಿ ತಾತ ಪಾಕ ತಿರುವ್ತಾ ಇರ್ತಾರೆ, ಹಬೆ ಏಳ್ತಾ ಇರುತ್ತೆ, ನೀವು ಕ್ಯಾಮೆರಾ ತಿರುಗಿಸ್ತೀರಿ, ಅದಕ್ಕೆ ಎಲ್ಲವೂ ಚಲನೆಯೇ. ಸರ್ವೋಗೆ ಹೋದ್ಮೇಲೆ ಲಾಕ್ ಅನ್ನೋದೇ ಇಲ್ಲ, ಮಧ್ಯದ ಪಾಯಿಂಟ್ ಕೆಳಗೆ ಏನು ಬರುತ್ತೋ ಅದಕ್ಕೆ ಫೋಕಸ್ ಮಾಡ್ತಾನೇ ಇರುತ್ತೆ. ನೀವು ತಾತನ್ನ ಪಕ್ಕಕ್ಕೆ ಸರಿಸಿದ ತಕ್ಷಣ ಮಧ್ಯದಲ್ಲಿ ಉಳಿದಿದ್ದು ಸಿಪ್ಪೆ ರಾಶಿ. ಕ್ಯಾಮೆರಾ ಅದರ ಕೆಲಸ ಸರಿಯಾಗೇ ಮಾಡಿದೆ.

ಮೊದ್ಲು ಒನ್ ಶಾಟ್‌ಗೆ ಹಾಕಿ. ಇದರಲ್ಲಿ ಫೋಕಸ್ ಸಿಗದೇ ಇದ್ರೆ ಶಟರ್ರೇ ಬೀಳಲ್ಲ, ಅದೂ ಒಂದು ಧೈರ್ಯ. ಆಮೇಲೆ ಮಧ್ಯದ ಪಾಯಿಂಟ್ ಅಭ್ಯಾಸಾನೇ ಬಿಡಿ ಅಂತ ನಾನು ಹೇಳೋದು. ಕ್ಯಾಮೆರಾ ಹಿಂದೆ ಬಲಗಡೆ ಮೇಲಿನ ಮೂಲೇಲಿ ಭೂತಗನ್ನಡಿ ಪ್ಲಸ್ ಗುರುತಿನ ಬಟನ್ ಇದೆ, ಅದನ್ನ ಒತ್ತಿ ದಿಕ್ಕಿನ ಬಟನ್ನಿಂದ ಪಾಯಿಂಟನ್ನ ಪಕ್ಕಕ್ಕೆ ತಗೊಂಡ್ ಹೋಗಿ. ಒಟ್ಟು 9 ಪಾಯಿಂಟ್ ಇವೆ, ಎಡದ ತುದಿ ಬಲದ ತುದಿ ಪಾಯಿಂಟ್‌ಗಳು ಹೆಚ್ಚುಕಮ್ಮಿ ಮೂರನೇ ಒಂದರ ಗೆರೆ ಹತ್ರಾನೇ ಬರ್ತವೆ, ಕ್ಯಾಮೆರಾ ಉದ್ದಕ್ಕೆ ಹಿಡಿದ್ರೆ ಅದೇ ತುದಿ ಪಾಯಿಂಟ್ ಮೇಲಕ್ಕೆ ಬಂದು ಕಣ್ಣಿನ ಮೇಲೆ ಕೂರುತ್ತೆ. ಒಂದು ಎಚ್ಚರ, ಇದರಲ್ಲಿ ಮಧ್ಯದ್ದು ಮಾತ್ರ ಕ್ರಾಸ್ ಟೈಪ್ (ಅಡ್ಡ ಗೆರೆ ಉದ್ದ ಗೆರೆ ಎರಡನ್ನೂ ಹಿಡಿಯೋದು), ಪಕ್ಕದವು ಅಷ್ಟು ಚುರುಕಲ್ಲ, ಹಬೆ ಒಳಗೆ ತಡಕಾಡ್ತವೆ. ಆಗ ಕಣ್ಣಿನ ಗೆರೆ ಇಲ್ಲ ಹುಬ್ಬಿನ ಗೆರೆ ಥರ ಕಪ್ಪು ಬಿಳುಪು ಎದ್ದು ಕಾಣೋ ಜಾಗಕ್ಕೆ ಹಿಡೀರಿ, ಕೆನ್ನೆಗೆ ಹಿಡಿದ್ರೆ ಸಿಗಲ್ಲ.

ಅಪರ್ಚರ್, ಅಂದ್ರೆ ಲೆನ್ಸ್ ಬಾಯಿ, 2.8 ಇಡಿ, ಒಂದೂವರೆ ಮೀಟರ್‌ಗೆ ಆಳ 9 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಸಿಗುತ್ತೆ, ಕಣ್ಣು ಮೂಗು ಎರಡೂ ಉಳೀತವೆ. ಶಟರ್ ವೇಗ 1/200 ಸೆಕೆಂಡಿಗಿಂತ ಕೆಳಗೆ ಇಳಿಯದ ಹಾಗೆ ಐಎಸ್ಒ (ಬೆಳಕಿಗೆ ಸೆನ್ಸರಿನ ಚುರುಕು) ಏರಿಸಿಕೊಳ್ಳಿ. ಆಗಾಗ ಲೆನ್ಸ್ ಮುಂದಿನ ಗಾಜು ನೋಡ್ತಾ ಇರಿ, ಹಬೆ ಕೂತು ಮಂಜಾದ್ರೆ ಅದನ್ನೂ ಫೋಕಸ್ ತಪ್ಪು ಅಂತ ತಿಳ್ಕೊಂಡ್ಬಿಡ್ತೀವಿ.

ಕುಕ್ಕರಹಳ್ಳಿ_ಬೆಳಗು:
ಲೆಕ್ಕ ನೋಡಿ ನಂಗೂ ಈಗ್ಲೇ ಗೊತ್ತಾಗಿದ್ದು, ನಾನು ಇಷ್ಟು ದಿನ ಎಲ್ಲದಕ್ಕೂ ತಿರುಗಿಸೋದನ್ನೇ ಬೈತಿದ್ದೆ. ಥ್ಯಾಂಕ್ಸ್ ಸರ್.

ಆಲೆಮನೆ_ಹುಡ್ಗ:
ಅಣ್ಣಾ ನಿಮ್ ಕಾಲಿಗೆ ಬೀಳ್ಬೇಕು. ಬೆಳಿಗ್ಗೆ ಹೋಗಿ ಮೂವತ್ತು ತೆಗ್ದೆ, ಇಪ್ಪತ್ತಾರು ಶಾರ್ಪು. ಆದ್ರೆ ಈಗ ಇನ್ನೊಂದು ತಲೆನೋವು. ಶಾರ್ಪಾಗಿ ಬಂದಿದ್ರೂ ಫೋಟೋ ಯಾಕೋ ಸರಿ ಕಾಣ್ತಿಲ್ಲ, ನಮ್ಮಕ್ಕ ನೋಡಿ 'ತಾತ ಯಾಕೋ ಓಡೋಗ್ತಾವ್ರೆ' ಅಂದ್ಳು. ತಾತ ಬಲಗಡೆ ಗೆರೆ ಮೇಲೇ ಅವ್ರೆ, ಮೂರು ಭಾಗದ ರೂಲ್ ಪ್ರಕಾರಾನೇ ಇಟ್ಟಿದೀನಿ. ಬಲಕ್ಕೆ ತಿರುಗಿ ಕೊಪ್ಪರಿಗೆ ನೋಡ್ತಾವ್ರೆ, ಎಡಗಡೆ ಪೂರ್ತಿ ಖಾಲಿ, ಅಲ್ಲಿ ಸಿಪ್ಪೆ ರಾಶಿ, ಒಂದು ನೀಲಿ ಡ್ರಮ್ಮು, ಮೇಲೆ ಶೀಟು ಸರಿದು ಆಕಾಶ ಕಾಣೋ ಒಂದು ಸಂದು. ಏನ್ ತಪ್ಪು?

ಹಳೇ_ಡಾರ್ಕ್‌ರೂಮ್ (ಮೈಸೂರು):
ಮಗೂ, ನಾನು ಮೈಸೂರಲ್ಲಿ ಮೂವತ್ತು ವರ್ಷ ಸ್ಟುಡಿಯೋದಲ್ಲಿ ಕೆಲಸ ಮಾಡ್ದವನು, 120 ಫಿಲ್ಮ್ ಕಾಲದಿಂದ, ರೋಲಿಗೆ 12 ಫೋಟೋ, ಒಂದು ಹಾಳಾದ್ರೂ ಓನರ್ ಮುಖ ನೋಡೋಕಾಗ್ತಿರ್ಲಿಲ್ಲ. ನೀನು ಬರೆದಿದ್ದು ಓದಿದ್ರೆ ಫೋಟೋ ಕಣ್ಣಿಗೆ ಕಟ್ಟುತ್ತೆ.

ನಿಮ್ಮಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ತಾತನ ಮೂಗು ಫ್ರೇಮಿನ ಬಲದ ಅಂಚಿಗೆ ತಾಗ್ತಿದೆ, ಅವರು ನೋಡ್ತಿರೋ ಕೊಪ್ಪರಿಗೆ ಫೋಟೋದಿಂದಾಚೆ ಹೋಗಿದೆ, ಬೆನ್ನ ಹಿಂದೆ ಅಷ್ಟಗಲ ಜಾಗ ಸುಮ್ನೆ ಬಿದ್ದಿದೆ. ನೋಡೋರ ಕಣ್ಣು ತಾತನ ಕಣ್ಣು ಹಿಡ್ಕೊಂಡು ಹೊರಗೆ ಹೋಗ್ಬಿಡುತ್ತೆ. ಪಕ್ಕಕ್ಕೆ ಇಡೋದು ಅಂದ್ರೆ ಮುಖಾನ ಗೆರೆಗೆ ತಗಲಿ ಹಾಕೋದಲ್ಲ, ಇನ್ನೊಂದು ಪಕ್ಕದಲ್ಲಿ ಏನಿರ್ಬೇಕು ಅಂತ ಮೊದಲು ತೀರ್ಮಾನ ಮಾಡೋದು. ನಿನಗೆ ಆ ಕಡೆ ಇರೋದು ಕೊಪ್ಪರಿಗೆ ಮತ್ತೆ ಹಬೆ. ಅಂಥಾ ಹಬೆ ಯಾವ ಸ್ಟುಡಿಯೋದಲ್ಲಿ ಸಿಗುತ್ತೆ ಹೇಳು! ತಾತನ್ನ ಎಡಕ್ಕೆ ಇಡು, ಬಲಕ್ಕೆ ನೋಡ್ಲಿ, ಉಳಿದ ಮುಕ್ಕಾಲು ಜಾಗ ಹಬೆಗೆ ಬಿಡು. ಆಗ ಅದು ಖಾಲಿ ಅನ್ಸಲ್ಲ, ತಾತನ ದಿನವೇ ಅಲ್ಲಿರುತ್ತೆ.

ಮೂರು ಭಾಗದ ರೂಲ್ ರೂಲ್ ಅಂತ ಎಲ್ಲರೂ ಹೇಳ್ತಾರೆ. 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಅನ್ನೋ ಚಿತ್ರಕಾರ ಆ ಹೆಸರಲ್ಲಿ ಬರೆದಿದ್ದು ನಿಸರ್ಗ ಚಿತ್ರಗಳ ಬಗ್ಗೆ, ಆಕಾಶ ಎಷ್ಟು ನೆಲ ಎಷ್ಟು, ಬೆಳಕೆಷ್ಟು ನೆರಳೆಷ್ಟು ಅಂತ. ಮನುಷ್ಯರ ಮುಖಕ್ಕೆ ಅದನ್ನ ಹಾಗ್ಹಾಗೇ ತಂದು ಹಾಕಿದ್ರೆ ಆಗಲ್ಲ, ಯಾಕಂದ್ರೆ ಬೆಟ್ಟ ಯಾವ ಕಡೇನೂ ನೋಡಲ್ಲ, ಮುಖ ನೋಡುತ್ತೆ. ಗೆರೆ ಬೇಕೇ ಬೇಕು ಅಂದ್ರೆ ಮುಖದ ಮಧ್ಯಾನ ಅಲ್ಲ, ಕ್ಯಾಮೆರಾಗೆ ಹತ್ರ ಇರೋ ಕಣ್ಣನ್ನ ಅಲ್ಲಿಗೆ ತಾ.

ಇನ್ನು ಆ ನೀಲಿ ಡ್ರಮ್ಮು, ಶೀಟಿನ ಸಂದು. ಕಣ್ಣು ಮೊದಲು ಹೋಗೋದು ಫೋಟೋದಲ್ಲಿ ಎಲ್ಲಿ ಬೆಳ್ಳಗಿದೆಯೋ ಅಲ್ಲಿಗೆ, ಆಮೇಲೆ ಎದ್ದು ಕಾಣೋ ಬಣ್ಣಕ್ಕೆ. ಅಷ್ಟು ದೊಡ್ಡ ಜಾಗ ಬಿಟ್ಟು ಅಲ್ಲಿ ನೀಲಿ ಡ್ರಮ್ ಇಟ್ರೆ ಅದು ಡ್ರಮ್ಮಿನ ಫೋಟೋನೇ. ಡ್ರಮ್ ಎತ್ತಿಡೋಕಾದ್ರೆ ಎತ್ತಿಡು, ಆಗದಿದ್ರೆ ಜಾಗ ಬದಲಾಯ್ಸು. ಜಗನ್ಮೋಹನ ಅರಮನೆಗೆ ಹೋದಾಗ ಹಲ್ದಣ್ಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲು. ದೀಪದ ಬೆಳಕು ಬೆರಳ ಸಂದಿನಿಂದ ಕೆಂಪಗೆ ಬರ್ತಿದೆ, ಮುಖದ ಮೇಲೆ ಬಿದ್ದಿದೆ, ಸುತ್ತ ಕತ್ತಲು. ಆ ಕತ್ತಲನ್ನ ಖಾಲಿ ಅಂತ ಯಾರಾದ್ರೂ ಅಂತಾರಾ? ಹಾಗೇ ನಿನ್ನ ಹಬೆಗೂ ಬೆಳಕು ಹಿಂದಿನಿಂದ ಇಲ್ಲ ಪಕ್ಕದಿಂದ ಬೀಳ್ಬೇಕು, ಎದುರಿನಿಂದ ಬಿದ್ರೆ ಬೂದಿ ಥರ ಕಾಣುತ್ತೆ. ಬೆಳಿಗ್ಗೆ ಬಿಸಿಲು ಯಾವ ಬಾಗಿಲಿಂದ ಬರುತ್ತೆ ನೋಡ್ಕೊಂಡು ಅದಕ್ಕೆ ಎದುರಾಗಿ ನಿಲ್ಲು.

ಮರೆತಿದ್ದೆ, ಕೈ. ಪಾಕ ತಿರುವಿ ತಿರುವಿ ಅವರ ಕೈ ಹೇಗಾಗಿರುತ್ತೆ ಅಂತ ನಿನಗೆ ಗೊತ್ತು, ಮಣಿಕಟ್ಟಿನ ಹತ್ರ ಕಟ್ ಮಾಡ್ಬೇಡ, ಪೂರ್ತಿ ತಗೋ ಇಲ್ಲ ಮೊಣಕೈ ಮೇಲಕ್ಕೆ ಬಿಡು.

ಅಗ್ರಹಾರದ_ಕಿಟಕಿ (ಮೈಸೂರು):
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ, ಬೇಜಾರು ಮಾಡ್ಕೋಬೇಡಿ. ನೋಡೋ ಕಡೆ ಜಾಗ ಬಿಡ್ಬೇಕು ಅನ್ನೋದು ಯಾವಾಗ್ಲೂ ಅಲ್ಲ. ನಾವು ಹಳೇ ವಠಾರದ ಮನೆ ಖಾಲಿ ಮಾಡಿದ ದಿನ ಅಮ್ಮ ಬಾಗಿಲ ಹತ್ರ ನಿಂತು ಬೀದಿ ನೋಡ್ತಿದ್ರು, ನಾನು ಅವರನ್ನ ಫ್ರೇಮಿನ ಅಂಚಿಗೆ ಇಟ್ಟು ಬೆನ್ನ ಹಿಂದಿನ ಖಾಲಿ ಪಡಸಾಲೆ ಪೂರ್ತಿ ತಗೊಂಡೆ, ಗೋಡೆ ಮೇಲೆ ಕ್ಯಾಲೆಂಡರ್ ತೆಗೆದ ಜಾಗ ಚೌಕಾಕಾರವಾಗಿ ಬೆಳ್ಳಗೆ ಉಳಿದಿತ್ತು. ಅಲ್ಲಿ ಹೊರಟು ಹೋಗ್ತಿದಾರೆ ಅನ್ನೋದೇ ವಿಷಯ. ತಾತ ಹೊರಟಿಲ್ಲವಲ್ಲ, ಕೆಲಸ ಮಾಡ್ತಿದಾರೆ, ಅದಕ್ಕೆ ಇಲ್ಲಿ ಸರ್ ಮಾತೇ ಸರಿ.

ಹಳೇ_ಡಾರ್ಕ್‌ರೂಮ್:
ಬೇಜಾರ್ಯಾಕಮ್ಮ, ಆ ಬಿಳೀ ಚೌಕ ಬಿಡದೇ ತಗೊಂಡಿದೀಯಲ್ಲ, ಆ ಫೋಟೋ ಜೋಪಾನವಾಗಿಡು.

ಆಲೆಮನೆ_ಹುಡ್ಗ:
ನಾಲ್ಕು ದಿನ ಬಿಟ್ಟು ಬರೀತಿದೀನಿ, ಎಲ್ರೂ ಮನ್ನಿಸ್ಬೇಕು, ಗಾಣದ ಬೆಲ್ಟ್ ಕಿತ್ತೋಗಿ ಎರಡು ದಿನ ಆಲೆಮನೆ ನಿಂತೋಗಿತ್ತು. ನಿನ್ನೆ ಏಳು ಗಂಟೆಗೇ ಹೋದೆ. ಪೂರ್ವದ ಬಾಗ್ಲಿಂದ ಬಿಸ್ಲು ಬೀಳೋದು ಕೊಪ್ಪರಿಗೆ ಹಿಂದಕ್ಕೇ, ಇಷ್ಟು ವರ್ಷ ಅಲ್ಲೇ ಓಡಾಡ್ಕೊಂಡಿದ್ರೂ ನಾನು ಗಮನ್ಸೇ ಇರ್ಲಿಲ್ಲ. ಡ್ರಮ್ ತುಂಬಾ ನೀರಿತ್ತು, ಎತ್ತಾಕಾಗ್ಲಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಹೋದ್ರೆ ತಾತನ ಹೆಗಲ ಹಿಂದೆ ಮರೆಯಾಯ್ತು. ಒನ್ ಶಾಟ್, ಎಡದ ತುದಿ ಪಾಯಿಂಟು, 2.8, ಐಎಸ್ಒ 1600. ಮೊದಲ ಹತ್ತು ಹಬೇಲಿ ಫೋಕಸ್ಸೇ ಸಿಗದೆ ಕ್ಲಿಕ್ ಆಗ್ಲಿಲ್ಲ, ಸಮತಟ್ಟು ಅಣ್ಣ ಹೇಳ್ದಂಗೆ ಹುಬ್ಬಿಗೆ ಹಿಡುದ್ಮೇಲೆ ಬೀಪ್ ಅಂತು. ತಾತ ಪಾಕ ಹದ ನೋಡಾಕೆ ತಣ್ಣೀರೊಳಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾ ಇದ್ರು, ಆ ಬೆರಳೂ ಬಂದದೆ, ಕಣ್ಣೂ ಬಂದದೆ, ಬಲಗಡೆ ಪೂರ್ತಿ ಹಬೆ ಬಂಗಾರದ ಥರ. ಪ್ರಿಂಟ್ 12ಕ್ಕೆ 18 ಇಂಚು ಕೊಟ್ಟಿದೀನಿ, ಶನಿವಾರ ಸಿಗ್ತದೆ. ತಾತಂಗೆ ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ತೋರ್ಸಿದ್ರೆ ತಮ್ಮ ಮುಖ ನೋಡ್ಲೇ ಇಲ್ಲ, ಬೆರಳು ನೋಡಿ 'ಇನ್ನೊಂದು ನಿಮಿಷ ಕಾಯ್ಬೇಕಾಗಿತ್ತು ಕಣ್ಲಾ ಪಾಕ' ಅಂದ್ರು.